ಬಿಟ್ಟುಕೊಟ್ಟ ಹಾರಾಟಗಳು

ಮಿಲ್ವಾಕೀ
14 ಅಕ್ಟೋಬರ್ 2003

ಪ್ರೀತಿಯ ಹಾರ್ಲನ್ ಚಿಕ್ಕಪ್ಪ,

ಫೋನಿನಲ್ಲಿ ನೀವು ಸಿಗುವುದಿಲ್ಲ. ಸಿಕ್ಕರೂ "ಎಲ್ಲ ಚೆನ್ನಾಗಿದೆಯಾ? ಸರಿ, ಇಡ್ತೀನಿ" ಎನ್ನುತ್ತೀರಿ. "ಅವನು ಕಾಗದದ ಮೇಲಾದರೆ ಮಾತಾಡ್ತಾನೆ, ಬರೆದು ನೋಡು" ಎಂದು ಅಪ್ಪ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ರೆಡ್ ಕ್ರೇನ್ ಕಂಪನಿಯ ಕೆಲಸ ಕೈಗೆ ಹತ್ತಿದೆ. ವಿಚಿತ್ರ ನೋಡಿ. "ಪ್ರಯಾಣಿಕರಿಲ್ಲ, ಕರೆಯುವವರೆಗೂ ಮನೆಯಲ್ಲಿರಿ" ಎಂದು ನಿಮ್ಮ ಸಗಮೋರ್ ಏರ್‌ಲೈನ್ಸ್ ಎರಡು ವರ್ಷದ ಹಿಂದೆ ನಮ್ಮಂಥ ಹೊಸಬರನ್ನೆಲ್ಲ ಕಳಿಸಿಬಿಟ್ಟಿತಲ್ಲ, ಈಗ ನಾನು ಹಾರಿಸುತ್ತಿರುವುದೂ ಸಗಮೋರ್ ಬಣ್ಣದ ವಿಮಾನವನ್ನೇ. ಬಾಲದ ಮೇಲೆ ನಿಮ್ಮ ಹೆಸರು, ಟಿಕೆಟ್ಟಿನ ಮೇಲೆ ನಿಮ್ಮ ಹೆಸರು. ಬಾಗಿಲ ಪಕ್ಕದಲ್ಲಿ ಮಾತ್ರ ಇರುವೆಯಂಥ ಅಕ್ಷರದಲ್ಲಿ "ಹಾರಿಸುವವರು: ರೆಡ್ ಕ್ರೇನ್" ಎಂದಿದೆ. ಓದುವವರು ಯಾರೂ ಇಲ್ಲ.

ಮೊನ್ನೆ ಮಿನ್ನಿಯಾಪೊಲಿಸ್‌ನಲ್ಲಿ ಸಿಬ್ಬಂದಿ ಬಸ್ಸಿನಲ್ಲಿ ನಿಮ್ಮ ಕಂಪನಿಯ ಕ್ಯಾಪ್ಟನ್ ಒಬ್ಬರು ನನ್ನ ಸಮವಸ್ತ್ರ ನೋಡಿ, "ಏನಮ್ಮ, ಊಟ ರುಚಿಯಾಗಿದೆಯಾ?" ಎಂದರು. ನನಗೆ ತಿಳಿಯಲಿಲ್ಲ. "ನಮ್ಮ ತಟ್ಟೇದೇ ತಾನೇ ನೀವು ತಿಂತಿರೋದು?" ಎಂದರು. "ಉಪ್ಪು ಸ್ವಲ್ಪ ಕಡಿಮೆ ಸರ್" ಎಂದೆ. ಬಸ್ಸೆಲ್ಲ ನಕ್ಕಿತು. ನಾನೂ ನಿಮ್ಮ ಪೈಲಟ್ಟರ ಹಿರಿತನದ ಪಟ್ಟಿಯಲ್ಲೇ ಇರುವವಳು, ಕೊನೆಯ ಹಾಳೆಯಲ್ಲಿ, ಎಂದು ಹೇಳಲು ಹೋಗಲಿಲ್ಲ.

ವಿಮಾನ ನಿಲ್ದಾಣದ ಹತ್ತಿರ ಕೆಲವರು ಸೇರಿ ಮನೆ ಹಿಡಿದಿದ್ದೇವೆ. ಹಾಸ್ಟೆಲಿನ ಹಾಗೆ, ಸದಾ ಗಲಾಟೆ, ಸದಾ ಯಾರದೋ ಪಾಸ್ಟಾ ಒಲೆಯ ಮೇಲೆ. ಚೆನ್ನಾಗಿದ್ದೇನೆ. ಎಪ್ಪತ್ತು ಸೀಟಿನ ಜೆಟ್‌ಗಳು ಬರುತ್ತವಂತೆ ಎಂದು ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬಂದರೆ ನನ್ನಂಥವರು ಬೇಗ ಎಡಗಡೆ ಸೀಟಿಗೆ, ಕ್ಯಾಪ್ಟನ್ ಸೀಟಿಗೆ, ಹೋಗುತ್ತಾರಂತೆ.

ಲುವೆಲ್ಲಾ ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ.

ನಿಮ್ಮ
ಸಿಗ್ನಿ


ಲೇಕ್‌ವಿಲ್, ಮಿನ್ನೆಸೋಟ
2 ನವೆಂಬರ್ 2003

ಪ್ರೀತಿಯ ಸಿಗ್ನಿ,

ನಿನ್ನ ಕಾಗದವನ್ನು ನಿನ್ನ ಚಿಕ್ಕಮ್ಮ ಗಟ್ಟಿಯಾಗಿ ಓದಿಸಿಕೊಂಡಳು. "ಉಪ್ಪು ಕಡಿಮೆ" ಎಂಬಲ್ಲಿ ನಕ್ಕಳು. ಆ ಕ್ಯಾಪ್ಟನ್ ಯಾರೆಂದು ಊಹಿಸಬಲ್ಲೆ. ಅವನು ಕೆಟ್ಟವನಲ್ಲ. ಹೆದರಿದ್ದಾನೆ ಅಷ್ಟೆ. ಇಲ್ಲಿ ಎಲ್ಲರೂ ಹೆದರಿದ್ದಾರೆ.

ನೀನು ಕೇಳಿದ ಸುದ್ದಿ ನಿಜ. ಅದೇ ಎಪ್ಪತ್ತು ಸೀಟಿನ ವಿಷಯಕ್ಕೆ ನಮ್ಮ ಪೈಲಟ್ ಸಂಘದ ಮಾತುಕತೆ ಸಮಿತಿ, ನಾನೂ ಸೇರಿ, ವಾರಗಟ್ಟಲೆ ಹೋಟೆಲ್ಲಿನಲ್ಲಿ ಕೂತಿದೆ. ಈಗಿನ ಒಪ್ಪಂದದ ಪ್ರಕಾರ ಐವತ್ತು ಸೀಟಿಗಿಂತ ದೊಡ್ಡ ವಿಮಾನವನ್ನು ನಾವೇ ಹಾರಿಸಬೇಕು, ಹೊರಗುತ್ತಿಗೆಗೆ ಕೊಡುವಂತಿಲ್ಲ. ಆ ಬೇಲಿಯನ್ನು ಎಪ್ಪತ್ತರವರೆಗೆ ಸರಿಸಿ ಎನ್ನುತ್ತದೆ ಕಂಪನಿ. ಸರಿಸಿದರೆ ನಿಮ್ಮ ಪಿಂಚಣಿಗೆ ಕೈ ಹಾಕುವುದಿಲ್ಲ. ಸರಿಸದಿದ್ದರೆ ದಿವಾಳಿ ಕೋರ್ಟಿಗೆ ಹೋಗುತ್ತೇವೆ, ಅಲ್ಲಿ ನ್ಯಾಯಾಧೀಶರು ಏನು ಕತ್ತರಿಸಿದರೂ ನಮ್ಮನ್ನು ಕೇಳಬೇಡಿ, ಇದು ಅವರ ಮಾತು.

ಡ್ವೇನ್ ಪೆಲ್ಕಿ ನಿನಗೆ ನೆನಪಿರಬಹುದು. ನಮ್ಮ ಮನೆಯ ಕೆರೆಗೆ ಮೀನು ಹಿಡಿಯಲು ಬಂದು ಬರೀ ಬೈದುಕೊಂಡು ಹೋಗುತ್ತಿದ್ದವನು. ಸಮಿತಿಯಲ್ಲೂ ಅವನದು ಅದೇ ಕಥೆ. "ಬೆರಳು ಕೊಟ್ಟರೆ ಹಸ್ತ ನುಂಗೋ ಜನ ಇವರು. ಐವತ್ತು ಕೊಟ್ವಿ, ಎಪ್ಪತ್ತು ಕೇಳ್ತಿದಾರೆ. ಎಪ್ಪತ್ತು ಕೊಡಿ, ನೂರು ಕೇಳ್ತಾರೆ. ಆಮೇಲೆ ನಮ್ಮ ಹತ್ರ ಸಮುದ್ರ ದಾಟೋ ನಾಲ್ಕು ವಿಮಾನ ಉಳಿಯುತ್ತೆ, ನಾವು ಅದನ್ನ ಒರೆಸ್ಕೊಂಡು ಕೂತಿರ್ಬೇಕು" ಎಂದ.

"ಕೋರ್ಟಿಗೆ ಹೋದ್ರೆ ಒರೆಸೋಕೂ ಏನೂ ಉಳಿಯಲ್ಲ" ಎಂದರು ಇನ್ನೊಬ್ಬರು.

ನಾನು ಎರಡೂ ಮಾತಿಗೆ ತಲೆಯಾಡಿಸಿದೆ. "ಅಡ್ಡಗೋಡೆ ಮೇಲೆ ದೀಪ ಇಡಬೇಡ ಹಾರ್ಲನ್" ಎಂದು ಪೆಲ್ಕಿ ಎಲ್ಲರೆದುರಿಗೆ ಅಂದ. ಅವನು ಹೇಳಿದ್ದು ಸರಿ. ನನಗೆ ಅರವತ್ತು ತುಂಬಲು ಹೆಚ್ಚು ದೂರವಿಲ್ಲ. ಅರವತ್ತಾದ ದಿನ ಕಾನೂನು ನನ್ನನ್ನು ಕೆಳಗಿಳಿಸುತ್ತದೆ. ಪಿಂಚಣಿ ಎಂದರೆ ನನಗೆ ದೂರದ ಮಾತಲ್ಲ.

ನಿನ್ನನ್ನು ನೇರವಾಗಿ ಕೇಳುತ್ತೇನೆ. ಆ ದೊಡ್ಡ ಜೆಟ್‌ಗಳು ನಿಮಗೆ ಬಂದರೆ ನಿನಗೆ ಒಳ್ಳೆಯದಾಗುತ್ತದೆಯೇ? ಮುಚ್ಚುಮರೆ ಬೇಡ.

ಲುವೆಲ್ಲಾಗೆ ಸ್ವಲ್ಪ ಶೀತ. ಅದು ಬಿಟ್ಟರೆ ಎಲ್ಲ ಎಂದಿನಂತೆ.

ನಿನ್ನ
ಹಾರ್ಲನ್ ಚಿಕ್ಕಪ್ಪ


ಮಿಲ್ವಾಕೀ
23 ನವೆಂಬರ್ 2003

ಪ್ರೀತಿಯ ಚಿಕ್ಕಪ್ಪ,

ಹೌದು, ಒಳ್ಳೆಯದಾಗುತ್ತದೆ. ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ. ಬೇಗ ಕ್ಯಾಪ್ಟನ್ ಆಗುತ್ತೇನೆ. ಸಗಮೋರ್‌ನಲ್ಲೇ ಉಳಿದಿದ್ದರೆ ಬಲಗಡೆ ಸೀಟಿನಲ್ಲಿ ಕೂತು ಯಾರದೋ ಕಾಫಿಗೆ ಎಷ್ಟು ಸಕ್ಕರೆ ಎಂದು ಇನ್ನೂ ಹತ್ತು ವರ್ಷ ನೆನಪಿಟ್ಟುಕೊಳ್ಳಬೇಕಿತ್ತು. ಆದ್ದರಿಂದ ನನ್ನ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ. ನಿಮಗೂ ಚಿಕ್ಕಮ್ಮನಿಗೂ ಯಾವುದು ಸರಿಯೋ ಅದಕ್ಕೆ ಕೈ ಎತ್ತಿ.

ಥ್ಯಾಂಕ್ಸ್‌ಗಿವಿಂಗ್‌ಗೆ ಬರಲಾಗುವುದಿಲ್ಲ. ಅಂದು ಕೆಲಸವಿದೆ. ಚಿಕ್ಕಮ್ಮನಿಗೆ ಒಂದು ಸ್ವೆಟರ್ ಕಳಿಸಿದ್ದೇನೆ. ಗುಂಡಿ ಇಲ್ಲದ್ದು, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. ಬಣ್ಣ ಇಷ್ಟವಾಗದಿದ್ದರೆ ಮುಲಾಜಿಲ್ಲದೆ ಹೇಳಲಿ.

ನಿಮ್ಮ
ಸಿಗ್ನಿ


ಲೇಕ್‌ವಿಲ್
19 ಜನವರಿ 2004

ಪ್ರೀತಿಯ ಸಿಗ್ನಿ,

ಮುಗಿಯಿತು. ಸಮಿತಿಯಲ್ಲಿ ಒಂದೇ ಒಂದು ಕೈ ಹೆಚ್ಚಾಗಿ ಒಪ್ಪಂದ ಹಾದುಹೋಯಿತು. ಆ ಒಂದು ಕೈ ನನ್ನದು.

ಸದಸ್ಯರ ಸಭೆ ಬ್ಲೂಮಿಂಗ್ಟನ್‌ನ ಹೋಟೆಲ್ಲಿನಲ್ಲಿ ನಡೆಯಿತು. ಮದುವೆಗೆ ಬಾಡಿಗೆ ಕೊಡುವ ಹಾಲ್. ಗೋಡೆಗೆ ಹಿಂದಿನ ದಿನದ ಕಾಗದದ ಹೂಗಳು ಇನ್ನೂ ಅಂಟಿಕೊಂಡಿದ್ದವು. ಪೆಲ್ಕಿ ಮೊದಲು ಮಾತಾಡಿದ. "ಮನೆಗೆ ಕಳಿಸಿದ ನಮ್ಮ ಹುಡುಗ ಹುಡುಗಿಯರು ಕರೆಗೆ ಕಾಯ್ತಿದಾರೆ. ಅವರು ವಾಪಸ್ ಬಂದು ಹಾರಿಸಬೇಕಾದ ವಿಮಾನನೇ ಇವತ್ತು ನಾವು ಬೇರೆಯವರಿಗೆ ಬರೆದುಕೊಡ್ತಿದೀವಿ" ಎಂದ.

ನಾನು ಎದ್ದೆ. ಹಾಗೆ ಕಾಯುತ್ತಿರುವವರಲ್ಲಿ ಒಬ್ಬಳು ನನ್ನ ಅಣ್ಣನ ಮಗಳು, ಅವಳನ್ನೇ ಕೇಳಿ ಬಂದಿದ್ದೇನೆ ಎಂದೆ. "ಅವಳು ಕಾಯ್ತಿಲ್ಲ. ಅಲ್ಲೇ ಬೆಳೀತಿದಾಳೆ. ಆ ಜೆಟ್‌ಗಳು ಅಲ್ಲಿಗೆ ಹೋದ್ರೆ ಅವಳಂಥವರು ಬೇಗ ಕ್ಯಾಪ್ಟನ್ ಆಗ್ತಾರೆ. ನಾವು ಕೋರ್ಟಿನಿಂದ ಉಳೀತೀವಿ. ಇಬ್ಬರಿಗೂ ನಷ್ಟವಿಲ್ಲದ ದಾರಿ ಇದು." ಜನ ಚಪ್ಪಾಳೆ ತಟ್ಟಿದರು. ಅಂಚೆ ಮತದಲ್ಲೂ ಸ್ವಲ್ಪದರಲ್ಲಿ ಗೆದ್ದೆವು.

ಹೊರಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಪೆಲ್ಕಿ ಪಕ್ಕದಲ್ಲೇ ತನ್ನ ಗಾಜು ಕೆರೆಯುತ್ತಿದ್ದ. ತಲೆ ಎತ್ತದೆ ಹೇಳಿದ: "ನಿನ್ನ ಜೊತೆ ಇನ್ನು ಮಾತಿಲ್ಲ ಕಣಯ್ಯ." ನನಗೆ ನೋವಾಯಿತು. ಆದರೆ ನೀನು ಎಡಗಡೆ ಸೀಟಿನಲ್ಲಿ ಕೂತಾಗ ಅದನ್ನೆಲ್ಲ ಮರೆಯುತ್ತೇನೆ.

ಸ್ವೆಟರ್ ಸರಿಯಾಗಿ ಕೂರುತ್ತದೆ. ಗುಂಡಿ ಇಲ್ಲದ್ದನ್ನೇ ಯಾಕೆ ಆರಿಸಿದೆಯೋ ತಿಳಿಯಲಿಲ್ಲ, ಆದರೆ ಅವಳು ಅದನ್ನು ಬಿಚ್ಚುವುದೇ ಇಲ್ಲ.

ನಿನ್ನ
ಹಾರ್ಲನ್ ಚಿಕ್ಕಪ್ಪ


ಮಿಲ್ವಾಕೀ
2 ಫೆಬ್ರವರಿ 2004

ಚಿಕ್ಕಪ್ಪ,

ಕಾಗದ ತಲುಪಿತು. ಸುದ್ದಿ ಇಲ್ಲಿ ಮೊದಲೇ ಗೊತ್ತಾಗಿತ್ತು, ಯಾರೋ ಕೇಕ್ ತಂದಿದ್ದರು. ನಿಮ್ಮ ಭಾಷಣದ ಸುದ್ದಿಯೂ ಬಂತು.

ಕೆಲಸ ಹೆಚ್ಚಿದೆ. ಬಿಡುವಾದಾಗ ಬರೆಯುತ್ತೇನೆ.

ಸಿಗ್ನಿ


ಲೇಕ್‌ವಿಲ್
11 ಜೂನ್ 2004

ಪ್ರೀತಿಯ ಸಿಗ್ನಿ,

ಫೆಬ್ರವರಿಯಿಂದ ನಿನ್ನ ಒಂದು ಸಾಲೂ ಇಲ್ಲ. ಬಿಡುವಿಲ್ಲ ಎಂದುಕೊಂಡೆ. ಈಗ ಕಾರಣ ಬೇರೆ ಇರಬಹುದು ಎನ್ನಿಸುತ್ತಿದೆ.

ಕಳೆದ ತಿಂಗಳು ಕಂಪನಿ ನಮ್ಮ ಹಳೆಯ ಸಣ್ಣ ಜೆಟ್‌ಗಳನ್ನು ಒಂದೊಂದಾಗಿ, ಬಳಕೆಯಿಲ್ಲದ ವಿಮಾನ ಇಡುವ ಮರುಭೂಮಿಗೆ ಕಳಿಸಿ ನಿಲ್ಲಿಸಿತು. ಡುಲೂತ್, ಮಾರ್ಕೆಟ್, ಮೈನಾಟ್, ಆ ಸಣ್ಣ ಊರುಗಳ ದಾರಿಗಳೆಲ್ಲ ನಿಮಗೆ ಹೋದವು. ಇಲ್ಲಿ ಕೈಯಲ್ಲಿರುವ ಪೈಲಟ್‌ಗಳೇ ಹೆಚ್ಚಾದರು. ಮನೆಗೆ ಕಳಿಸಿದವರನ್ನು ಸದ್ಯಕ್ಕೆ ಕರೆಯುವುದಿಲ್ಲ ಎಂದು ನೋಟಿಸ್ ಹಾಕಿದರು. ನಾನು ಅದನ್ನು ಓದುತ್ತಾ ನಿಂತಿದ್ದಾಗ ಪೆಲ್ಕಿ ಹಿಂದಿನಿಂದ ಬಂದ. ತಿಂಗಳುಗಳ ಮೌನ ಮುರಿದು ಒಂದೇ ಮಾತು ಹೇಳಿದ: "ನಿನ್ನ ಅಣ್ಣನ ಮಗಳು ಕಾಯ್ತಿಲ್ಲ ಅಂದ್ಯಲ್ಲ. ಈಗ ಕಾಯೋಕೂ ಏನೂ ಇಲ್ಲ."

ನೀನು ಕಾಯುತ್ತಿದ್ದೆಯಾ ಸಿಗ್ನಿ? ಕಾಯುತ್ತಿದ್ದರೆ ಯಾಕೆ ಹೇಳಲಿಲ್ಲ? ನಾನು ನೇರವಾಗಿಯೇ ಕೇಳಿದ್ದೆ.

ಹಾರ್ಲನ್ ಚಿಕ್ಕಪ್ಪ


ಮೈನಾಟ್, ಉತ್ತರ ಡಕೋಟ
4 ಜುಲೈ 2004

ಚಿಕ್ಕಪ್ಪ,

ಅಪ್ಪನ ಮನೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಸ್ವಾತಂತ್ರ್ಯ ದಿನದ ಪಟಾಕಿ. ಅಪ್ಪ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿದ್ದಾನೆ, ಹಬ್ಬದ ದಿನವೂ.

ಹೌದು, ಕಾಯುತ್ತಿದ್ದೆ. ಮನೆಗೆ ಕಳಿಸಿದ ದಿನದಿಂದ ಪ್ರತಿ ದಿನ. ನಿಮ್ಮ ಕಂಪನಿಯ ಸಮವಸ್ತ್ರವನ್ನು ವಾಪಸ್ ಕೊಡಿ ಎಂದು ಅವರು ಕೇಳಿದರೂ ಕೊಡದೆ ಅಪ್ಪನ ಬೀರುವಿನಲ್ಲಿ ಇಟ್ಟಿದ್ದೇನೆ. ಮಿಲ್ವಾಕೀಯ ಮನೆ ಹಾಸ್ಟೆಲಿನ ಹಾಗಿಲ್ಲ. ಒಂದು ಕೋಣೆಯಲ್ಲಿ ಮೂರು ಅಂತಸ್ತಿನ ಮಂಚಗಳು. ಯಾರು ಮೊದಲು ಬರುತ್ತಾರೋ ಅವರಿಗೆ ಹಾಸಿಗೆ, ಉಳಿದವರಿಗೆ ಸೋಫಾ. ಚಳಿಗಾಲದಲ್ಲಿ ಎರಡು ಸಲ ಸಿಬ್ಬಂದಿ ಕೋಣೆಯ ಕುರ್ಚಿಯಲ್ಲೇ ಮಲಗಿ ಎದ್ದು ಹಾರಿಸಿದ್ದೇನೆ. ಇದನ್ನೆಲ್ಲ ಬರೆದರೆ ಕೊರಗಿದ ಹಾಗಾಗುತ್ತದೆ ಎಂದು ಬರೆಯಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ನೀವು "ಸ್ವಲ್ಪ ಶೀತ" ಎಂದು ಬರೆದ ವಾರವೇ ಅಪ್ಪ ಚಿಕ್ಕಮ್ಮನ ಕಾಯಿಲೆಯ ಹೆಸರು ಹೇಳಿದ್ದ. ಅವಳ ಕೈ ನಡುಗುತ್ತದೆ, ಗುಂಡಿ ಹಾಕಲಾಗುವುದಿಲ್ಲ, ಮುಂದೆ ಇನ್ನೂ ಕಷ್ಟ ಎಂದ. ನಿಮ್ಮ ಪಿಂಚಣಿ, ಅದರ ಜೊತೆಗಿನ ಆರೋಗ್ಯ ವಿಮೆ, ಎಲ್ಲ ಆ ಒಂದು ಮತದ ಮೇಲೆ ನಿಂತಿದೆ ಎಂದು ಗೊತ್ತಾಯಿತು. ನೀವು ನನ್ನನ್ನು ಕೇಳಿದ್ದು ಮನಸ್ಸಿನ ಸಮಾಧಾನಕ್ಕೆ ಎಂದುಕೊಂಡೆ. ಚಿಕ್ಕಮ್ಮನ ಔಷಧಿಗೂ ನಿಮಗೂ ನಡುವೆ ನಾನು ಅಡ್ಡ ನಿಲ್ಲಬಾರದು ಎಂದು ಹೂಂ ಅಂದೆ.

ನೀವು ಅವಳಿಗಾಗಿ ಕೈ ಎತ್ತಿದ್ದರೆ ಇವತ್ತಿಗೂ ತುಟಿ ಬಿಚ್ಚುತ್ತಿರಲಿಲ್ಲ. ನನಗಾಗಿ ಎತ್ತಿದೆ ಎಂದಿರಿ, ತುಂಬಿದ ಸಭೆಯಲ್ಲಿ. ನನ್ನ ಜೊತೆ ಸಗಮೋರ್ ಮನೆಗೆ ಕಳಿಸಿದವರೆಲ್ಲ ಅದನ್ನು ಕೇಳಿದ್ದಾರೆ. ಅವರಲ್ಲಿ ಒಬ್ಬನೂ ಈಗ ನನಗೆ ಫೋನ್ ಮಾಡುವುದಿಲ್ಲ.

ಆಗಸ್ಟ್‌ನಲ್ಲಿ ಎಪ್ಪತ್ತು ಸೀಟಿನ ಜೆಟ್‌ನ ಕ್ಯಾಪ್ಟನ್ ಆಗುತ್ತೇನೆ. ನೀವು ಹೇಳಿದ ಹಾಗೇ ಆಯಿತು.

ಸಿಗ್ನಿ


ಲೇಕ್‌ವಿಲ್
12 ಜುಲೈ 2004

ನನ್ನ ಮಗಳೇ,

ನಿನ್ನ ಕಾಗದವನ್ನು ಲುವೆಲ್ಲಾ ಓದಿದಳು. ಬಚ್ಚಿಡೋಣವೆಂದಿದ್ದೆ, ಅವಳೇ ಅಂಚೆಪೆಟ್ಟಿಗೆಯಿಂದ ತೆಗೆದಿದ್ದಳು. ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಳು. "ನನ್ನ ಕೈ ನಡುಗೋದು ನನಗೆ ಗೊತ್ತು. ನಿನಗೆ ಗೊತ್ತು. ಅವಳಿಗೂ ಗೊತ್ತು. ಮತ್ತೆ ಯಾರಿಂದ ಮುಚ್ಚಿಡ್ತಿದ್ರಿ ಇಬ್ಬರೂ? ಬೆಕ್ಕಿನಿಂದಾನಾ?" ಎಂದಳು.

ನಾನು ಅವಳಿಗಾಗಿಯೂ ಕೈ ಎತ್ತಿದೆ. ಅದನ್ನು ಆ ಹಾಲ್‌ನಲ್ಲಿ ಹೇಳಿಕೊಳ್ಳಲು ನಾಚಿಕೆಯಾಯಿತು. ನಿನ್ನ ಹೆಸರು ಹೇಳುವುದು ಸುಲಭವಾಗಿತ್ತು, ಗೌರವವಾಗಿಯೂ ಕಾಣುತ್ತಿತ್ತು. ನಿನ್ನ ಗೆಳೆಯರ ಮುಂದೆ ನಿನ್ನ ಮುಖ ಕೆಡಿಸಿದೆ. ಇದಕ್ಕೆ ಕ್ಷಮೆ ಎಂಬ ಮಾತು ಸಾಲದು ಎಂದು ಗೊತ್ತು.

ಬೇಸರ ಕಳೆಯುವವರೆಗೆ ಬರೆಯಬೇಡ. ಆದರೆ ಕುರ್ಚಿಯಲ್ಲಿ ಮಲಗಿ ಎದ್ದು ವಿಮಾನ ಹಾರಿಸಬೇಡ. ಇದು ಚಿಕ್ಕಪ್ಪನ ಮಾತಲ್ಲ, ಪೈಲಟ್‌ನ ಮಾತು.

ಹಾರ್ಲನ್


ಮಿಲ್ವಾಕೀ
20 ಫೆಬ್ರವರಿ 2005

ಪ್ರೀತಿಯ ಚಿಕ್ಕಪ್ಪ,

ಬಹಳ ದಿನವಾಯಿತು. ಬೇರೆ ಯಾರಿಂದಲೋ ಕೇಳುವ ಮೊದಲು ನಾನೇ ತಿಳಿಸುವುದು ಒಳ್ಳೆಯದು. ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಮುಂದಿನ ತಿಂಗಳು ವಿಚಾರಣೆ.

ಅಂದು ಬೆಳಕು ಹರಿಯುವ ಮೊದಲೇ ಶುರು ಮಾಡಿದ್ದೆ. ಡುಲೂತ್, ಮತ್ತೆ ಮಿನ್ನಿಯಾಪೊಲಿಸ್, ಮತ್ತೆ ಡುಲೂತ್, ಹೀಗೆ. ಪ್ರತಿ ನಿಲ್ದಾಣದಲ್ಲೂ ರೆಕ್ಕೆಯ ಮಂಜು ಕರಗಿಸಲು ಸಾಲು. ಮಧ್ಯಾಹ್ನ ಮಾರ್ಕೆಟ್ ಊರಿನಲ್ಲಿ ಇಳಿಯುವಾಗ ಲೇಕ್ ಸುಪೀರಿಯರ್ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಇಳಿಸಿದೆ. ಇಳಿಸಿ ನಿಲ್ಲಿಸಿದ ಮೇಲೆ ನನ್ನ ಕೋ-ಪೈಲಟ್ "ಚಕ್ರದ ಬ್ರೇಕ್ ಹಾಕಲಾ?" ಎಂದು ಕೇಳಿದ. ಹಾಕಿದ್ದೇನೆ ಎಂದುಕೊಂಡಿದ್ದೆ. ಹಾಕಿರಲಿಲ್ಲ. ಸಣ್ಣ ವಿಷಯ. ಆದರೆ ಹಾಕಿದ ನೆನಪು ನನಗೆ ಸ್ಪಷ್ಟವಾಗಿತ್ತು. ಮತ್ತೆ ಮಿನ್ನಿಯಾಪೊಲಿಸ್‌ಗೆ ಹೊರಡಬೇಕಿತ್ತು. ಕಂಪನಿಗೆ ಫೋನ್ ಮಾಡಿ ದಣಿದಿದ್ದೇನೆ, ಹಾರಿಸುವುದಿಲ್ಲ ಎಂದೆ.

"ಹವಾಮಾನ ಅಂತ ಬರ್ಕೊಳ್ಲಾ?" ಎಂದರು.

"ಬೇಡ. ದಣಿವು ಅಂತ ಬರ್ಕೊಳ್ಳಿ."

"ಯೋಚನೆ ಮಾಡಿ ಕ್ಯಾಪ್ಟನ್. ಸಮಯಕ್ಕೆ ಹಾರದಿದ್ರೆ ದೊಡ್ಡ ಕಂಪನಿ ನಮ್ಮ ಗುತ್ತಿಗೆ ಬೇರೆಯವರಿಗೆ ಕೊಡುತ್ತೆ."

ಪ್ರಯಾಣಿಕರಿಗೆ ನಾನೇ ಹೋಗಿ ಹೇಳಿದೆ. ಮಗಳ ಮದುವೆಗೆ ಫೀನಿಕ್ಸ್‌ಗೆ ಹೊರಟಿದ್ದ ಒಬ್ಬರು ಬಾಯಿಗೆ ಬಂದ ಹಾಗೆ ಬೈದರು. "ಸಗಮೋರ್ ಕಂಪನಿಗೆ ನಿಮ್ಮ ಹೆಸರು ಬರೀತೀನಿ" ಎಂದರು. ನಾನು ಸಗಮೋರ್ ಅಲ್ಲ ಎಂದು ವಿವರಿಸುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಒಬ್ಬ ಅಜ್ಜಿ ಚೀಲದಿಂದ ಆಲೂಗೆಡ್ಡೆ ಮಾಂಸ ತುಂಬಿದ ಕಡುಬಿನಂಥ ಪ್ಯಾಸ್ಟಿ ತೆಗೆದು ಅರ್ಧ ಮುರಿದು ಕೊಟ್ಟಳು. "ತಿನ್ನಮ್ಮ, ಮುಖ ಬೆಳ್ಳಗಾಗಿದೆ" ಎಂದಳು. ಅಲ್ಲೇ ನಿಂತು ತಿಂದೆ.

ನನ್ನ ಮೇಲಿನ ಆರೋಪ, ಕಾರಣವಿಲ್ಲದೆ ಹಾರಾಟ ನಿರಾಕರಿಸಿದ್ದು. ದಾಖಲೆಯಲ್ಲಿ ಅದು ಉಳಿದರೆ ಯಾವ ಕಂಪನಿಯೂ ನನ್ನನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ಇಲ್ಲಿನ ಸಂಘ ಪುಟ್ಟದು, ಅವರೂ ಹೆದರಿದ್ದಾರೆ. ನಿಮ್ಮಿಂದ ಏನೂ ಕೇಳುತ್ತಿಲ್ಲ. ತಿಳಿದಿರಲಿ ಎಂದು ಬರೆದೆ.

ನಿಮ್ಮ
ಸಿಗ್ನಿ


ಲೇಕ್‌ವಿಲ್
26 ಫೆಬ್ರವರಿ 2005

ಪ್ರೀತಿಯ ಸಿಗ್ನಿ,

ನೀನು ಮಾಡಿದ್ದು ಸರಿ. ವಿಚಾರಣೆಯಲ್ಲಿ ಬ್ರೇಕಿನ ವಿಷಯವನ್ನೂ ಬಿಡದೆ ಹೇಳು. ಅದನ್ನು ಮುಚ್ಚಿಟ್ಟರೆ ನಿನ್ನ ಮಾತಿಗೆ ಬುಡವಿರುವುದಿಲ್ಲ.

ನನಗೆ ಅಲ್ಲಿಗೆ ಬರಲು ಅನುಮತಿಯಿಲ್ಲ, ವಿಚಾರಿಸಿದೆ. ಚಿಕ್ಕಮ್ಮ ನಿನಗೆ ಲೆಫ್ಸ ರೊಟ್ಟಿ ಕಳಿಸಿದ್ದಾಳೆ. ಲಟ್ಟಿಸಿದ್ದು ನಾನು, ಬೈದಿದ್ದು ಅವಳು.

ಹಾರ್ಲನ್ ಚಿಕ್ಕಪ್ಪ


ಮಿಲ್ವಾಕೀ
18 ಮಾರ್ಚ್ 2005

ಪ್ರೀತಿಯ ಚಿಕ್ಕಪ್ಪ,

ಕೆಲಸ ಉಳಿಯಿತು. ದಾಖಲೆಯಲ್ಲಿ ಏನೂ ಇಲ್ಲ. ನಡೆದದ್ದನ್ನು ನಿಮಗೆ ಹೇಳಲೇಬೇಕು, ನಿಮಗೆ ಆಗಲೇ ಗೊತ್ತಿದ್ದರೂ.

ಮೇಜಿನ ಆ ಕಡೆ ಕಂಪನಿಯ ಮೂವರು, ಈ ಕಡೆ ನಾನು ಮತ್ತು ನಮ್ಮ ಸಂಘದ ಒಬ್ಬ ಪ್ರತಿನಿಧಿ. ಶುರುವಾಗುವ ಹೊತ್ತಿಗೆ ಬಾಗಿಲು ತೆರೆದು ಸಗಮೋರ್ ಸಮವಸ್ತ್ರದಲ್ಲಿ ಡ್ವೇನ್ ಪೆಲ್ಕಿ ಬಂದು ನನ್ನ ಪಕ್ಕದ ಕುರ್ಚಿ ಎಳೆದು ಕೂತರು. ನೀವ್ಯಾರು ಎಂದು ಕಂಪನಿಯವರು ಕೇಳಿದರು. "ಸಗಮೋರ್ ಪೈಲಟ್ ಸಂಘದ ಸುರಕ್ಷತಾ ಸಮಿತಿ. ನಮ್ಮ ಹೆಸರು ಹೊತ್ತ ವಿಮಾನದ ಸುರಕ್ಷತೆ ಪ್ರಶ್ನೆ ಬಂದ್ರೆ ನಾವು ಕೂರಬಹುದು ಅಂತ ಹೋದ ವರ್ಷದ ಒಪ್ಪಂದದಲ್ಲಿದೆ. ಆ ಸಾಲು ನಾನೇ ಹಟ ಹಿಡಿದು ಬರೆಸಿದ್ದು. ಬೇಕಾದ್ರೆ ತೆಗೆದು ನೋಡಿ, ನಾನು ಕಾಯ್ತೀನಿ" ಎಂದರು.

ನಾನು ಎಲ್ಲ ಹೇಳಿದೆ, ಬ್ರೇಕ್ ಸಹಿತ. ಅವರಲ್ಲಿ ಒಬ್ಬರು "ಅಂದ್ರೆ ನಿಮ್ಮ ಕೆಲಸ ನಿಮಗೆ ಸರಿಯಾಗಿ ಬರಲ್ಲ ಅಂತ ಆಯ್ತು" ಎಂದರು.

ಪೆಲ್ಕಿ ಮುಂದಕ್ಕೆ ಬಾಗಿದರು. "ತಪ್ಪಾಯ್ತು ಅಂತ ತಾನೇ ಗುರುತಿಸಿ ನಿಲ್ಸಿದಾಳೆ. ನಿಮಗೆ ಬೇಕಿರೋದು ಗುರುತಿಸದೇ ಇರೋಳಾ? ಹಾಗಿದ್ರೆ ಅದನ್ನ ಬರೆದುಕೊಡಿ. ನಾನು ಅದನ್ನ ನಿಮ್ಮ ಟಿಕೆಟ್ ಮಾರೋರಿಗೆ ಕೊಡ್ತೀನಿ." ಕಂಪನಿಯ ಮೂವರೂ ಒಳಗೆ ಹೋಗಿ ಬಂದು ಎಚ್ಚರಿಕೆಯೂ ಇಲ್ಲದೆ ಮುಗಿಸಿದರು.

ಪೆಲ್ಕಿಯವರ ಕಾರಿನವರೆಗೆ ನಡೆದು ಹೋದೆ. ನಿಮ್ಮ ಸಂಘ ನಿಮ್ಮನ್ನು ಕಳಿಸಿತೇ ಎಂದು ಕೇಳಿದೆ. "ಸಂಘಾನೂ ಇಲ್ಲ, ಗಿಂಘಾನೂ ಇಲ್ಲ. ನಿನ್ನ ಚಿಕ್ಕಪ್ಪ ನಮ್ಮನೆ ಬಾಗಿಲಿಗೆ ಬಂದಿದ್ದ. ಟೋಪಿ ಕೈಲಿ ಹಿಡ್ಕೊಂಡು ಹಿಮದಲ್ಲಿ ನಿಂತಿದ್ದ. ಒಳಗೆ ಕರೀಲಿಲ್ಲ ನಾನು. ಅಲ್ಲೇ ನಿಂತು ಪೂರ್ತಿ ಹೇಳಿದ. 'ನನಗೋಸ್ಕರ ಮಾಡ್ಬೇಡ, ಅವಳು ನಮ್ಮ ಪಟ್ಟಿಯಲ್ಲಿದಾಳೆ' ಅಂದ. ಹೌದಲ್ಲ, ಇದ್ದಾಳೆ, ಅನ್ನಿಸ್ತು. ಆಮೇಲೆ ಒಳಗೆ ಕರೆದೆ" ಎಂದರು.

ನೀವು ಇದನ್ನು ಬರೆಯಲಿಲ್ಲ. ಲೆಫ್ಸ ಲಟ್ಟಿಸಿದ್ದನ್ನು ಮಾತ್ರ ಬರೆದಿರಿ.

ಈಸ್ಟರ್‌ಗೆ ಬರುತ್ತೇನೆ. ನೀವು ಬೇಡ ಎಂದರೂ ಬರುತ್ತೇನೆ.

ನಿಮ್ಮ
ಸಿಗ್ನಿ


ಲೇಕ್‌ವಿಲ್
30 ಏಪ್ರಿಲ್ 2006

ಪ್ರೀತಿಯ ಸಿಗ್ನಿ,

ನಿವೃತ್ತಿಯ ದಿನ ನೀನು ಹಾರಾಟದಲ್ಲಿದ್ದೆ, ಬರಲಾಗಲಿಲ್ಲ ಎಂದು ಕೊರಗಬೇಡ. ಟೋಪಿ ತೆಗೆದಿಟ್ಟು ಮನೆಗೆ ಬಂದೆ. ಅಷ್ಟೆ.

ಫೋನಿನಲ್ಲಿ ಅರ್ಧರ್ಧ ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ. ಪೆಲ್ಕಿ ಹೇಳಿದ ಹಾಗೇ ಕಂಪನಿ ಮತ್ತೆ ಬಂತು. ಈ ಸಲ ತೊಂಬತ್ತು ಸೀಟಿನ ಜೆಟ್‌ಗಳನ್ನು ಹೊರಗುತ್ತಿಗೆಗೆ ಬಿಡಿ ಎಂದಿತು. ಕೊಡದಿದ್ದರೆ ಕೋರ್ಟು, ಪಿಂಚಣಿ, ಅದೇ ಹಾಡು. ಅದೇ ಹಾಲ್. ನಾನು ಎದ್ದು ನಿಂತ ಕೂಡಲೇ ಹಿಂದಿನಿಂದ ಯಾರೋ ಕೂಗಿದರು: "ಹೋದ ಸಲ ಹೂಂ ಅಂದಿದ್ದು ನೀನೇ ತಾನೇ ಹಾರ್ಲನ್?"

"ಹೌದು. ಅದಕ್ಕೇ ಈ ಸಲ ಉಹೂಂ ಅನ್ನೋಕೆ ನನ್ನಷ್ಟು ಯೋಗ್ಯತೆ ಇಲ್ಲಿ ಯಾರಿಗೂ ಇಲ್ಲ" ಎಂದೆ. ಲುವೆಲ್ಲಾಳ ಕಾಯಿಲೆಯ ವಿಷಯ ಹೇಳಿದೆ. ಪಿಂಚಣಿ ಹೋದರೆ ನಮಗೆ ಏನು ಹೋಗುತ್ತದೆ ಎಂದೂ ಹೇಳಿದೆ, ಅವಳ ಅಪ್ಪಣೆ ಪಡೆದೇ ಹೋಗಿದ್ದೆ. "ನಮ್ಮ ಬಣ್ಣದ ವಿಮಾನ ಹಾರಿಸೋರು ಕುರ್ಚಿ ಮೇಲೆ ಮಲಗಿ ಎದ್ದು ಬರ್ತಿದಾರೆ. ಅವರನ್ನ ಅಲ್ಲಿಗೆ ತಳ್ಳಿದ್ದು ಕಂಪನಿ ಒಂದೇ ಅಲ್ಲ. ನಾವು ಕೈ ಎತ್ತಿದೀವಿ. ಹೊಸ ಜೆಟ್ ಬರಲಿ, ಎಷ್ಟಾದರೂ ಬರಲಿ, ನಮ್ಮ ಪಟ್ಟಿಯವರೇ ಹಾರಿಸಲಿ." ಈ ಸಲ ಚಪ್ಪಾಳೆ ಇರಲಿಲ್ಲ. ಮತ ಮಾತ್ರ ನಮ್ಮ ಕಡೆ ಬಿತ್ತು.

ಕಂಪನಿ ಕೋರ್ಟಿಗೆ ಹೋಯಿತು. ಪಿಂಚಣಿ ಅರ್ಧಕ್ಕಿಂತ ಕೆಳಗಿಳಿಯಿತು. ಮನೆ ಮಾರುತ್ತಿದ್ದೇವೆ, ಊರಿನಲ್ಲಿ ಮೆಟ್ಟಿಲಿಲ್ಲದ ಸಣ್ಣ ಮನೆ ನೋಡಿದ್ದೇವೆ. ಹೇಗೂ ಅವಳಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಆದರೆ ತೊಂಬತ್ತು ಸೀಟಿನ ಜೆಟ್‌ಗಳು ನಮ್ಮ ಪಟ್ಟಿಯವರಿಗೇ ಎಂದು ಒಪ್ಪಂದದಲ್ಲಿ ಉಳಿಯಿತು. ಅದನ್ನು ಹಾರಿಸಲು ಜನ ಬೇಕಾಗುತ್ತಾರೆ ಸಿಗ್ನಿ. ಯಾವಾಗ ಎಂದು ಕೇಳಬೇಡ. ಬೇಕಾಗುತ್ತಾರೆ.

ನಿನ್ನ
ಹಾರ್ಲನ್ ಚಿಕ್ಕಪ್ಪ


ಮಿಲ್ವಾಕೀ
9 ಮಾರ್ಚ್ 2007

ಪ್ರೀತಿಯ ಚಿಕ್ಕಪ್ಪ, ಚಿಕ್ಕಮ್ಮ,

ಕರೆ ಬಂತು. ಸಗಮೋರ್, ತೊಂಬತ್ತು ಸೀಟಿನ ಜೆಟ್, ಬಲಗಡೆ ಸೀಟು, ಪಟ್ಟಿಯ ಕೊನೆ. ಐದೂವರೆ ವರ್ಷದ ನಂತರ.

ನೀವು ನಗುತ್ತೀರೋ ಏನೋ, ಒಂದು ವಾರ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕ್ಯಾಪ್ಟನ್. ಅಲ್ಲಿ ಮತ್ತೆ ಎಲ್ಲರಿಗಿಂತ ಕಿರಿಯಳು. ಇಲ್ಲಿ ಹೊಸದಾಗಿ ಸೇರಿದವರು ತೊಂದರೆ ಬಂದಾಗ ನನ್ನ ಬಳಿ ಬರುತ್ತಾರೆ. ಮಾರ್ಕೆಟ್‌ನ ಆ ದಿನದ ನಂತರ ದಣಿದಿದ್ದೇವೆ ಎಂದು ಹೇಳುವವರು ಇನ್ನೂ ನಾಲ್ಕು ಜನ ಆದರು, ಯಾರನ್ನೂ ಕಂಪನಿ ಮುಟ್ಟಲಿಲ್ಲ. ಬಿಟ್ಟು ಹೋಗುವುದು ಓಡಿಹೋದ ಹಾಗಾಗುತ್ತದೆಯೇ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಎಂಜಿನ್‌ನಿಂದ ತಲೆ ಹೊರಗೆ ತೆಗೆಯದೆ, "ನಿನಗಾಗಿ ಒಬ್ಬ ಮನೆ ಮಾರಿದಾನೆ. ಹೋಗು" ಎಂದ.

ಹೋಗುತ್ತಿದ್ದೇನೆ. ನೀವು ನನಗಾಗಿ ಮಾರಲಿಲ್ಲ, ಮೆಟ್ಟಿಲಿಗಾಗಿ ಮಾರಿದಿರಿ ಎಂದು ಹೇಳುತ್ತೀರಿ, ಗೊತ್ತು.

ನಿಮ್ಮ
ಸಿಗ್ನಿ


ಲೇಕ್‌ವಿಲ್
27 ಮೇ 2007

ಪ್ರೀತಿಯ ಸಿಗ್ನಿ,

ಮೈನಾಟ್‌ನಲ್ಲಿ ಅಣ್ಣನ ಜೊತೆ ಒಂದು ವಾರ ಇದ್ದು ನಿನ್ನೆ ಬಂದೆವು. ಬಂದದ್ದು ರೆಡ್ ಕ್ರೇನ್‌ನಲ್ಲಿ. ಅಲ್ಲಿಗೆ ಈಗ ಬೇರೆ ಯಾರೂ ಹಾರುವುದಿಲ್ಲ.

ಗಾಳಿ ಜೋರಾಗಿತ್ತು, ಇಳಿಸುವುದು ಸುಲಭವಿರಲಿಲ್ಲ. ಚೆನ್ನಾಗಿ ಇಳಿಸಿದರು. ಲುವೆಲ್ಲಾಳ ಗಾಲಿಕುರ್ಚಿ ಬರುವವರೆಗೆ ನಾವಿಬ್ಬರೇ ಕೊನೆಯಲ್ಲಿ ಉಳಿದೆವು. ಕಾಕ್‌ಪಿಟ್ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದಳು. ನಿನಗಿಂತ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು.

"ಚೆನ್ನಾಗಿ ಇಳಿಸಿದಿರಿ ಕ್ಯಾಪ್ಟನ್. ಇವತ್ತಿಗೆ ಮುಗೀತಾ?" ಎಂದೆ.

"ಇಲ್ಲ ಸರ್, ಇನ್ನೂ ಎರಡಿದೆ" ಎಂದಳು.

"ಆಗಲ್ಲ ಅನ್ನಿಸಿದ್ರೆ ಆಗಲ್ಲ ಅನ್ನಿ."

ಅವಳು ಹಿಂದೆ ಮುಂದೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. "ನೀವು ಪೈಲಟ್ಟಾ?"

"ಸಗಮೋರ್‌ನಲ್ಲಿದ್ದೆ. ಈ ದಾರೀನ ನಿಮ್ಮ ಕಂಪನಿಗೆ ಬಿಟ್ಟುಕೊಟ್ಟೋರಲ್ಲಿ ನಾನೂ ಒಬ್ಬ."

"ಹಾಗಾದ್ರೆ ನಿಮಗೆ ಥ್ಯಾಂಕ್ಸ್ ಹೇಳ್ಲಾ, ಬೈಲಾ?"

"ಎರಡೂ ನ್ಯಾಯವೇ" ಎಂದೆ.

ಲುವೆಲ್ಲಾ ಸೀಟಿನಿಂದಲೇ, "ಮೊದಲು ಬೈಯಮ್ಮ, ಕುರ್ಚಿ ಬರೋಕೆ ಇನ್ನೂ ಹೊತ್ತಿದೆ" ಎಂದಳು. ಆ ಹುಡುಗಿ ನಕ್ಕಳು. ಬೈಯಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ನಮ್ಮ ಎದುರಿನ ಖಾಲಿ ಸೀಟಿನಲ್ಲಿ ಕೂತು ಬೂಟು ಸಡಿಲಿಸಿ, ಕುರ್ಚಿ ಬರುವವರೆಗೆ ಕಣ್ಣು ಮುಚ್ಚಿಕೊಂಡಳು. ನಾವು ಸದ್ದು ಮಾಡದೆ ಕೂತಿದ್ದೆವು.

ನಿನ್ನ
ಹಾರ್ಲನ್ ಚಿಕ್ಕಪ್ಪ